ಅರವತ್ತು ಎಲೆಗಳ ಲೆಕ್ಕ

ಮಕ್ಕಳೇ, ನೀವು ಚೌಕಾಬಾರ ಆಡಿದ್ದೀರಲ್ಲವೇ? ಕವಡೆ ಎಸೆದಾಗ ಎಷ್ಟು ಬೀಳುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. ಬಿದ್ದ ಮೇಲೆ ಯಾವ ಕಾಯಿ ನಡೆಸಬೇಕು ಎಂಬುದಷ್ಟೇ ನಿಮ್ಮ ಕೈಯಲ್ಲಿದೆ. ಚದುರಂಗ ಹಾಗಲ್ಲ. ಅಲ್ಲಿ ಕವಡೆಯೂ ಇಲ್ಲ, ದಾಳವೂ ಇಲ್ಲ. ಸೋತರೆ ಅದೃಷ್ಟವನ್ನು ದೂರುವಂತಿಲ್ಲ.

ಈಗ ಇವೆರಡರ ನಡುವಿನ ಒಂದು ಆಟವನ್ನು ಊಹಿಸಿಕೊಳ್ಳಿ. ಅದರಲ್ಲಿ ನಿಮಗೆ ಬೇಕಾದಂಥ ಕವಡೆಗಳನ್ನು ಮನೆಯಲ್ಲೇ ಆರಿಸಿ ಚೀಲಕ್ಕೆ ತುಂಬಿಕೊಂಡು ಬರಬಹುದು. ಎದುರಾಳಿಯೂ ತನ್ನದೇ ಕವಡೆ ತರುತ್ತಾಳೆ. ಎಸೆದಾಗ ಏನು ಬೀಳುತ್ತದೆ ಎಂದು ಇಬ್ಬರಿಗೂ ಗೊತ್ತಿಲ್ಲ. ಆದರೆ ಚೀಲದಲ್ಲಿ ಏನೇನಿದೆ, ಎಷ್ಟೆಷ್ಟಿದೆ ಎಂದು ತಂದವರಿಗೆ ಚೆನ್ನಾಗಿ ಗೊತ್ತು!

ಇಂಥ ಆಟ ನಿಜವಾಗಿಯೂ ಇದೆ. ಅದರಲ್ಲಿ ಕವಡೆಗಳ ಬದಲು ಕಾರ್ಡುಗಳಿರುತ್ತವೆ. ಅದರ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. 1993ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. ಅದನ್ನು ರೂಪಿಸಿದವರು ರಿಚರ್ಡ್ ಗಾರ್‌ಫೀಲ್ಡ್. ಆಗ ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧನಾ ವಿದ್ಯಾರ್ಥಿ. ಯಾವ ಗಣಿತ ಗೊತ್ತೇ? ವಸ್ತುಗಳನ್ನು ಎಷ್ಟು ಬಗೆಯಲ್ಲಿ ಆರಿಸಬಹುದು, ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಎಣಿಸುವ ಗಣಿತ. ಆಟವನ್ನು ನೋಡಿದರೆ ಅದನ್ನು ಯಾರು ಮಾಡಿರಬಹುದೆಂದು ತಿಳಿದುಬಿಡುತ್ತದೆ!

ಸೌದೆಯೂ ಬೇಕು, ಅಕ್ಕಿಯೂ ಬೇಕು

ಇಸ್ಪೀಟಿನಲ್ಲಿ 52 ಎಲೆ. ಎಲ್ಲರೂ ಒಂದೇ ಕಟ್ಟಿನಿಂದ ಆಡುತ್ತಾರೆ. ಮ್ಯಾಜಿಕ್ ಆಟದಲ್ಲಿ ಪ್ರತಿಯೊಬ್ಬರಿಗೂ ಬೇರೆ ಬೇರೆ ಕಟ್ಟು. ಇದನ್ನು ‘ಡೆಕ್’ ಎನ್ನುತ್ತಾರೆ. ಮೊದಲ ಮುದ್ರಣದಲ್ಲೇ 295 ಬಗೆಯ ಕಾರ್ಡುಗಳಿದ್ದವು. ಈಗ 20 ಸಾವಿರಕ್ಕೂ ಹೆಚ್ಚು ಬಗೆಗಳಿವೆ. ಅವುಗಳಿಂದ ಆರಿಸಿ ಡೆಕ್ ಕಟ್ಟಿಕೊಂಡು ಪಂದ್ಯಕ್ಕೆ ಹೋಗಬೇಕು.

ಆಟದ ನಿಯಮಗಳು ಬಹಳ. ನಮಗೆ ಬೇಕಾದಷ್ಟನ್ನು ಮಾತ್ರ ನೋಡೋಣ. ಇಬ್ಬರಿಗೂ ಆರಂಭದಲ್ಲಿ 20 ಅಂಕ. ಎದುರಾಳಿಯ ಅಂಕವನ್ನು ಸೊನ್ನೆಗೆ ಇಳಿಸಿದವರು ಗೆದ್ದಂತೆ. ಕಾರ್ಡುಗಳಲ್ಲಿ ಎರಡು ಮುಖ್ಯ ಜಾತಿ. ಒಂದು ‘ಲ್ಯಾಂಡ್’, ಅಂದರೆ ನೆಲದ ಕಾರ್ಡು. ಇದು ಶಕ್ತಿ ಕೊಡುತ್ತದೆ. ಇನ್ನೊಂದು ಜಾತಿಯವು ಆ ಶಕ್ತಿಯನ್ನು ಖರ್ಚು ಮಾಡಿ ಕಣಕ್ಕಿಳಿಯುವ ಸೈನಿಕರು, ಮಂತ್ರಗಳು. ಪ್ರತಿ ಕಾರ್ಡಿನ ಮೂಲೆಯಲ್ಲಿ ಅದರ ಬೆಲೆ ಎಷ್ಟು ಎಂದು ಅಚ್ಚಾಗಿರುತ್ತದೆ. ಒಂದು ಸರದಿಗೆ ಒಂದೇ ನೆಲ ಇಡಬಹುದು. ಹಾಗಾಗಿ ಮೊದಲ ಸರದಿಯಲ್ಲಿ 1 ಶಕ್ತಿ, ಎರಡನೆಯದರಲ್ಲಿ 2, ಮೂರನೆಯದರಲ್ಲಿ 3. ಇಟ್ಟ ನೆಲ ಅಲ್ಲೇ ಇದ್ದು ಪ್ರತಿ ಸರದಿಯಲ್ಲೂ ಶಕ್ತಿ ಕೊಡುತ್ತದೆ.

ಆಟದ ಆರಂಭದಲ್ಲಿ ಕಟ್ಟನ್ನು ಚೆನ್ನಾಗಿ ಕಲಸಿ 7 ಕಾರ್ಡು ಎತ್ತಿಕೊಳ್ಳಬೇಕು. ಏಳರಲ್ಲಿ ಒಂದೂ ನೆಲ ಬರಲಿಲ್ಲ ಎನ್ನಿ. ಅಕ್ಕಿ ಇದೆ, ಸೌದೆ ಇಲ್ಲ! ಏಳೂ ನೆಲವೇ ಬಂದರೆ? ಸೌದೆ ಉರಿಯುತ್ತಿದೆ, ಪಾತ್ರೆ ಖಾಲಿ! ಎರಡರಲ್ಲೂ ಊಟವಿಲ್ಲ. ಹಾಗಾದರೆ ಡೆಕ್‌ನಲ್ಲಿ ನೆಲ ಎಷ್ಟಿರಬೇಕು?

ಮದುವೆ ಕಾಗದದಿಂದ ಒಂದು ಪ್ರಯೋಗ

ಇದನ್ನು ನೀವೇ ಕಂಡುಹಿಡಿಯಬಹುದು. ಅಂಗಡಿಯ ಕಾರ್ಡು ಬೇಡ. ಅವು ದುಬಾರಿ. ಜೊತೆಗೆ ಪೊಟ್ಟಣ ಒಡೆಯುವವರೆಗೆ ಒಳಗೇನಿದೆ ಎಂದು ತಿಳಿಯದಂತೆ ಮುಚ್ಚಿ ಮಾರುತ್ತಾರೆ. ಬೇಕಾದ ಕಾರ್ಡು ಬರಲಿಲ್ಲವೆಂದು ಮತ್ತೆ ಮತ್ತೆ ಕೊಳ್ಳಲಿ ಎಂಬ ವ್ಯಾಪಾರದ ಉಪಾಯ ಅದು. ನೀವು ಮನೆಯಲ್ಲಿರುವ ಹಳೆಯ ಮದುವೆ ಕಾಗದ ಅಥವಾ ನೋಟುಪುಸ್ತಕದ ರಟ್ಟು ತನ್ನಿ. ಒಂದೇ ಅಳತೆಯ 60 ತುಂಡು ಕತ್ತರಿಸಿ. 24ರ ಮೇಲೆ ‘ನೆ’ ಎಂದು ಬರೆಯಿರಿ, ಉಳಿದ 36ರ ಮೇಲೆ ‘ಸೈ’ ಎಂದು ಬರೆಯಿರಿ. ಬರೆದದ್ದು ಹಿಂದಿನಿಂದ ಕಾಣಬಾರದು. ಎಲ್ಲವನ್ನೂ ಚೀಲಕ್ಕೆ ಹಾಕಿ, ಚೆನ್ನಾಗಿ ಕುಲುಕಿ, ನೋಡದೆ 7 ತುಂಡು ಎತ್ತಿ. ಎಷ್ಟು ‘ನೆ’ ಬಂತೆಂದು ಬರೆದಿಟ್ಟುಕೊಂಡು, ಏಳನ್ನೂ ಚೀಲಕ್ಕೆ ಹಿಂತಿರುಗಿಸಿ. ಇಡೀ ತರಗತಿ ಸೇರಿ 100 ಬಾರಿ ಹೀಗೆ ಮಾಡಿ.

ಗಣಿತದ ಪ್ರಕಾರ ಏನಾಗಬೇಕು? 100ರಲ್ಲಿ ಸುಮಾರು 77 ಬಾರಿ ಎರಡು, ಮೂರು ಅಥವಾ ನಾಲ್ಕು ನೆಲ ಬರುತ್ತದೆ. ಇದು ಒಳ್ಳೆಯ ಕೈ. ಸುಮಾರು 14 ಬಾರಿ ಒಂದೇ ನೆಲ, ಇಲ್ಲವೇ ಸೊನ್ನೆ. ಸುಮಾರು 8 ಬಾರಿ ಐದು ಅಥವಾ ಅದಕ್ಕಿಂತ ಹೆಚ್ಚು. (ಕೂಡಿದರೆ 99 ಆಗುತ್ತದೆ ಎಂದಿರಾ? ಭಿನ್ನರಾಶಿಗಳನ್ನು ಬಿಟ್ಟು ಬರೆದದ್ದರಿಂದ ಒಂದು ಕಳೆದುಹೋಗಿದೆ.) ನಿಮ್ಮ ತರಗತಿಗೆ ಸರಿಯಾಗಿ 77 ಬರಲಿಕ್ಕಿಲ್ಲ. 72 ಬರಬಹುದು, 81 ಬರಬಹುದು. 10 ಬಾರಿ ಮಾತ್ರ ಎತ್ತಿ ನೋಡಿದರೆ ಲೆಕ್ಕಕ್ಕೂ ನಿಮ್ಮ ಫಲಿತಾಂಶಕ್ಕೂ ಇನ್ನೂ ದೂರವಿರಬಹುದು. ಹೆಚ್ಚು ಬಾರಿ ಮಾಡಿದಂತೆಲ್ಲ ಎರಡೂ ಹತ್ತಿರ ಬರುತ್ತವೆ.

ಒಂದೂ ನೆಲ ಬಾರದಿರುವ ಸಾಧ್ಯತೆಯನ್ನು ನೀವೇ ಗುಣಿಸಿ ನೋಡಬಹುದು. ಮೊದಲು ಎತ್ತಿದ್ದು ನೆಲವಲ್ಲದಿರುವ ಸಾಧ್ಯತೆ 36/60. ಆಗ ಚೀಲದಲ್ಲಿ ಉಳಿದದ್ದು 59, ಅದರಲ್ಲಿ ನೆಲವಲ್ಲದ್ದು 35. ಆದ್ದರಿಂದ ಎರಡನೆಯದಕ್ಕೆ 35/59. ಮೂರನೆಯದಕ್ಕೆ 34/58. ಹೀಗೆ ಏಳು ಭಿನ್ನರಾಶಿಗಳನ್ನು ಬರೆದು ಗುಣಿಸಿದರೆ ಸುಮಾರು 0.02 ಬರುತ್ತದೆ. ಅಂದರೆ 100ರಲ್ಲಿ 2 ಬಾರಿ.

60ರಲ್ಲಿ 24 ಎಂಬ ಲೆಕ್ಕವನ್ನು ನಾನು ಸುಮ್ಮನೆ ಆರಿಸಲಿಲ್ಲ. ಈ ಆಟದವರು ಬಹಳ ವರ್ಷಗಳಿಂದ ನಂಬಿಕೊಂಡು ಬಂದಿರುವ ಲೆಕ್ಕ ಅದು. ಮೊದಲ ಕೈ ತೀರಾ ಕೆಟ್ಟದಾಗಿ ಬಂದರೆ ಮತ್ತೆ ಕಲಸಿ ಎತ್ತಲು ಅವಕಾಶವೂ ಇದೆ, ಆದರೆ ದಂಡ ತೆರಬೇಕು. 2019ರಿಂದ ಇರುವ ನಿಯಮದಂತೆ ಮತ್ತೆ 7 ಎತ್ತಿ, ಅದರಲ್ಲಿ ಒಂದನ್ನು ಕಟ್ಟಿನ ತಳಕ್ಕೆ ಸೇರಿಸಬೇಕು.

ನಾಲ್ಕಕ್ಕಿಂತ ಹೆಚ್ಚು ಏಕಿಲ್ಲ?

ಮೊದಲು ಡೆಕ್‌ನಲ್ಲಿ 40 ಕಾರ್ಡು ಇದ್ದರೆ ಸಾಕಿತ್ತು. ಒಂದೇ ಕಾರ್ಡಿನ ಎಷ್ಟು ಪ್ರತಿಗಳನ್ನು ಬೇಕಾದರೂ ತುಂಬಬಹುದಿತ್ತು. ಅಪರೂಪದ ಕಾರ್ಡುಗಳನ್ನು ಯಾರೂ ರಾಶಿ ರಾಶಿ ಕೂಡಿಹಾಕಲಾರರು ಎಂದು ಗಾರ್‌ಫೀಲ್ಡ್ ಭಾವಿಸಿದ್ದರು. ಆದರೆ ಜನ ಅವರು ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಕೊಂಡರು. ಹಣವಿದ್ದವರು ಒಂದೇ ಬಲವಾದ ಕಾರ್ಡನ್ನು ಹತ್ತು ಹದಿನೈದು ತುಂಬಿಕೊಂಡು ಬಂದರೆ ಎದುರಿಗೆ ಕೂತವರ ಗತಿ ಏನು? ಆದ್ದರಿಂದ 1994ರಲ್ಲಿ ಪಂದ್ಯಾವಳಿಗಳಿಗೆ ಎರಡು ನಿಯಮ ಬಂದವು. ಡೆಕ್‌ನಲ್ಲಿ ಕನಿಷ್ಠ 60 ಕಾರ್ಡು ಇರಬೇಕು. ಸಾಮಾನ್ಯ ನೆಲದ ಕಾರ್ಡು ಬಿಟ್ಟು ಬೇರೆ ಯಾವುದೂ ನಾಲ್ಕಕ್ಕಿಂತ ಹೆಚ್ಚು ಇರಬಾರದು. ಅದೇ ವರ್ಷ ಮಿಲ್ವಾಕಿ ನಗರದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಮೆರಿಕದ ಜಾಕ್ ಡೋಲನ್ ಗೆದ್ದರು.

ಇಲ್ಲೊಂದು ಕುತೂಹಲದ ಸಂಗತಿ ಇದೆ. ನಿಯಮ ಹೇಳುವುದು ‘ಕನಿಷ್ಠ 60’ ಎಂದು. 80 ಕಾರ್ಡು ಇಟ್ಟುಕೊಂಡರೂ ತಪ್ಪಿಲ್ಲ. ಇಷ್ಟವಾದದ್ದನ್ನೆಲ್ಲ ತುಂಬಿಕೊಂಡರೆ ಒಳ್ಳೆಯದಲ್ಲವೇ? ಅಲ್ಲ! ನಿಮ್ಮ ಅತ್ಯುತ್ತಮ ಕಾರ್ಡು ನಾಲ್ಕೇ ಇರಬಹುದು ತಾನೇ? 60ರ ಡೆಕ್‌ನಲ್ಲಿ ಅವುಗಳಲ್ಲಿ ಒಂದಾದರೂ ಮೊದಲ ಏಳರಲ್ಲಿ ಬರುವ ಸಾಧ್ಯತೆ 100ಕ್ಕೆ 40. 80ರ ಡೆಕ್‌ನಲ್ಲಿ ಅದು 31ಕ್ಕೆ ಇಳಿಯುತ್ತದೆ. 100 ಕಾರ್ಡು ತುಂಬಿದರೆ ಸುಮಾರು 25. ಸೇರಿಸಿದ ಪ್ರತಿ ಸಾಧಾರಣ ಕಾರ್ಡೂ ಒಳ್ಳೆಯ ಕಾರ್ಡನ್ನು ನಿಮ್ಮಿಂದ ದೂರ ತಳ್ಳುತ್ತದೆ. ಹೀಗಾಗಿ ಅನುಭವಿಗಳು ಹೆಚ್ಚಾಗಿ 60ಕ್ಕೇ ನಿಲ್ಲಿಸುತ್ತಾರೆ. ಹೊಸಬರಿಗೆ ಅತಿ ಕಷ್ಟದ ಕೆಲಸವೆಂದರೆ ಇದೇ, ಇಷ್ಟದ ಕಾರ್ಡನ್ನು ತೆಗೆದು ಪಕ್ಕಕ್ಕಿಡುವುದು.

ಯಾರಿಗೂ ಬೇಡವಾದ ಕಾರ್ಡುಗಳು

ಈಗ 1996ರ ಒಂದು ಕಥೆ. ಅಮೆರಿಕದ ಅಟ್ಲಾಂಟಾ ನಗರದಲ್ಲಿ ದೊಡ್ಡ ಪಂದ್ಯಕ್ಕೆ ಆಯ್ಕೆ ನಡೆಯುತ್ತಿತ್ತು. ಪಾಲ್ ಸ್ಲೈ ಎಂಬ ಆಟಗಾರ ಒಂದು ಡೆಕ್ ತಂದಿದ್ದರು. ಅದನ್ನು ರೂಪಿಸಿದವರು ಜೇ ಶ್ನೈಡರ್. ಅದರಲ್ಲಿದ್ದ ಎಷ್ಟೋ ಕಾರ್ಡುಗಳು ಬೇರೆಯವರು ಪೆಟ್ಟಿಗೆಯ ತಳಕ್ಕೆ ಎಸೆದಿದ್ದಂಥವು. ‘ಐರನ್‌ಕ್ಲಾ ಆರ್ಕ್ಸ್’ ಎಂಬ ಸೈನಿಕನನ್ನೇ ನೋಡಿ. ಬೆಲೆ 2, ಬಲ 2. ತನ್ನಷ್ಟೇ ಅಥವಾ ತನಗಿಂತ ಬಲಶಾಲಿ ಎದುರು ಬಂದರೆ ತಡೆಯಲಾರ! ಇಂಥ ಹೇಡಿಯನ್ನು ಯಾರು ತಾನೇ ಸೇರಿಸಿಕೊಳ್ಳುತ್ತಾರೆ?

ಶ್ನೈಡರ್ ಸೇರಿಸಿಕೊಂಡರು. ಅವರು ಪ್ರತಿ ಕಾರ್ಡೂ ಎಷ್ಟು ಬಲಶಾಲಿ ಎಂದಷ್ಟೇ ನೋಡಲಿಲ್ಲ. ಶಕ್ತಿ ಎಲ್ಲಿ ವ್ಯರ್ಥವಾಗುತ್ತಿದೆ ಎಂದು ನೋಡಿದರು. ನಾವೂ ನೋಡೋಣ. ಪ್ರತಿ ಸರದಿಗೂ ಒಂದು ನೆಲ ಬಂದರೆ ನಾಲ್ಕು ಸರದಿಗಳಲ್ಲಿ ಸಿಗುವ ಶಕ್ತಿ 1 + 2 + 3 + 4, ಒಟ್ಟು 10. ನಿಮ್ಮಲ್ಲಿ ಬೆಲೆ 4ರ ದೈತ್ಯರು ಮಾತ್ರ ಇದ್ದರೆ ಮೊದಲ ಮೂರು ಸರದಿ ಸುಮ್ಮನೆ ಕೂರಬೇಕು. 10ರಲ್ಲಿ 6 ವ್ಯರ್ಥ! ಮೊದಲ ಸರದಿಯಲ್ಲಿ ಬೆಲೆ 1ರ ಕಾರ್ಡು, ಎರಡನೆಯದರಲ್ಲಿ 2ರದ್ದು, ಹೀಗೆ ಇಳಿಸಿದರೆ ಹತ್ತೂ ಉಪಯೋಗಕ್ಕೆ ಬರುತ್ತದೆ. ದೈತ್ಯ ಎದ್ದು ಬರುವ ಹೊತ್ತಿಗೆ ಚಿಕ್ಕ ಸೈನಿಕರು ಎದುರಾಳಿಯ ಅಂಕವನ್ನು ಸಾಕಷ್ಟು ಕಡಿದಿರುತ್ತಾರೆ. ಆದರೆ ಇದಕ್ಕೆ ಬೆಲೆ 1ರವು ಇಷ್ಟು, 2ರವು ಇಷ್ಟು, 3ರವು ಇಷ್ಟು ಎಂದು ಎಣಿಸಿ ಇಡಬೇಕು. ತಡೆಯಲಾರದ ಆ ಹೇಡಿ ಸೈನಿಕನಿಗೆ ಈ ಡೆಕ್‌ನಲ್ಲಿ ತಡೆಯುವ ಕೆಲಸವೇ ಇರಲಿಲ್ಲ. ಎರಡನೆಯ ಸರದಿಯಲ್ಲಿ ಬಂದು ಮುನ್ನುಗ್ಗಿದರೆ ಮುಗಿಯಿತು.

ಸ್ಲೈ ದುಬಾರಿ ಡೆಕ್‌ಗಳವರನ್ನು ಸೋಲಿಸುತ್ತಾ ಮೇಲೇರಿದರು. ಜನ ಬೆರಗಾದರು. ಇಂದಿಗೂ ಅಂಥ ಡೆಕ್‌ಗಳಿಗೆ ಆಟಗಾರರು ‘ಸ್ಲೈ’ ಎಂದೇ ಕರೆಯುವುದುಂಟು. ಲೆಕ್ಕ ಹಾಕಿದವರು ಶ್ನೈಡರ್, ಹೆಸರು ಮಾತ್ರ ಆಡಿದವರದ್ದು!

ಕಲಸುವುದೂ ಒಂದು ವಿಜ್ಞಾನ

ಮೇಲಿನ ಲೆಕ್ಕಗಳೆಲ್ಲ ಸರಿಯಾಗಬೇಕಾದರೆ ಕಟ್ಟು ಚೆನ್ನಾಗಿ ಕಲಸಿರಬೇಕು. ಎಷ್ಟು ಸಲ ಕಲಸಿದರೆ ಸಾಕು? ಈ ಪ್ರಶ್ನೆಯ ಹಿಂದೆ ಬಿದ್ದವರು ಪರ್ಸಿ ಡಯಾಕೋನಿಸ್. 14ನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಜಾದೂಗಾರರೊಬ್ಬರ ಜೊತೆ ಊರೂರು ತಿರುಗಿದವರು, ಮುಂದೆ ಗಣಿತದ ಪ್ರಾಧ್ಯಾಪಕರಾದರು. ಅವರೂ ಡೇವ್ ಬೇಯರ್ ಅವರೂ 1992ರಲ್ಲಿ ಪ್ರಕಟಿಸಿದ ಪ್ರಬಂಧ ಪ್ರಸಿದ್ಧವಾಗಿದೆ. ಕಟ್ಟನ್ನು ಎರಡು ಪಾಲು ಮಾಡಿ, ಹೆಬ್ಬೆರಳಿನಿಂದ ಅಂಚುಗಳನ್ನು ಬಿಡುತ್ತಾ ಬರ್ರೆಂದು ಒಂದರೊಳಗೊಂದು ಸೇರಿಸುತ್ತಾರಲ್ಲ, ಹಾಗೆ 52 ಎಲೆಗಳನ್ನು ಸುಮಾರು 7 ಬಾರಿ ಕಲಸಬೇಕು ಎಂದು ಅವರು ತೋರಿಸಿದರು. ಮೂರು ನಾಲ್ಕು ಬಾರಿಗೆ ಹಳೆಯ ಕ್ರಮ ಅಳಿಸುವುದಿಲ್ಲ. ನಾವು ಸಾಮಾನ್ಯವಾಗಿ ಮಾಡುವಂತೆ ಕೈಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪ ಎತ್ತಿಹಾಕುವ ರೀತಿಯಲ್ಲಾದರೆ ಇನ್ನೂ ಬಹಳ ಹೆಚ್ಚು ಬಾರಿ ಬೇಕು.

ಕೆಲವರು ಕಲಸುವ ಮೊದಲು ಎರಡು ಸೈನಿಕ, ಒಂದು ನೆಲ, ಎರಡು ಸೈನಿಕ, ಒಂದು ನೆಲ ಎಂದು ಜೋಡಿಸಿಟ್ಟುಕೊಳ್ಳುತ್ತಾರೆ. ಇದು ಸರಿಯೇ? ಯೋಚಿಸಿ. ಆಮೇಲೆ ಚೆನ್ನಾಗಿ ಕಲಸಿದರೆ ಜೋಡಿಸಿದ್ದು ಪೂರ್ತಿ ಅಳಿಸಿಹೋಗುತ್ತದೆ, ಶ್ರಮ ದಂಡ. ಜೋಡಿಸಿದ್ದರಿಂದ ಲಾಭವಾಯಿತು ಎಂದರೆ ಚೆನ್ನಾಗಿ ಕಲಸಲಿಲ್ಲ ಎಂದರ್ಥ, ಅದು ಮೋಸ! ಹೀಗಾಗಿಯೇ ಪಂದ್ಯಾವಳಿಯಲ್ಲಿ ನಿಮ್ಮ ಕಟ್ಟನ್ನು ಎದುರಾಳಿಯೂ ಒಮ್ಮೆ ಕಲಸುತ್ತಾರೆ. ಅದಕ್ಕೆ ಯಾರೂ ಬೇಸರಿಸುವುದಿಲ್ಲ.

ಇಷ್ಟಾದರೂ ಕೆಟ್ಟ ಕೈ ಬರುವುದು ತಪ್ಪುವುದಿಲ್ಲ. 100ರಲ್ಲಿ 14 ಬಾರಿ ನೆಲ ಸಾಲದು ಎಂದು ನಿಮ್ಮ ಚೀಲವೇ ಹೇಳಿತಲ್ಲ! ಒಂದೇ ಕೆಟ್ಟ ಕೈಯಿಂದ ಒಳ್ಳೆಯ ಆಟಗಾರ ಮನೆಗೆ ಹೋಗಬಾರದು. ಅದಕ್ಕೆ ಪಂದ್ಯವನ್ನು ಮೂರು ಆಟಗಳಲ್ಲಿ ಎರಡು ಗೆದ್ದವರಿಗೆ ಕೊಡುತ್ತಾರೆ. ಒಂದು ಆಟ ಗೆಲ್ಲುವ ಸಾಧ್ಯತೆ 100ಕ್ಕೆ 60 ಇರುವವರಿಗೆ, ಮೂರರಲ್ಲಿ ಎರಡು ಗೆಲ್ಲುವ ಸಾಧ್ಯತೆ ಸುಮಾರು 65. ಮೇಲಾಗಿ ಸೋತವರನ್ನು ಹೊರಗೆ ಕಳಿಸುವ ಪದ್ಧತಿಯನ್ನು ಸಾಮಾನ್ಯವಾಗಿ ಅನುಸರಿಸುವುದಿಲ್ಲ. ನಾಕೌಟ್ ಆದರೆ 64 ಜನರಲ್ಲಿ 32 ಮಂದಿ ಮೊದಲ ಸುತ್ತಿಗೇ ಊರಿಗೆ ಹೊರಡಬೇಕು. ಇಲ್ಲಿ ಗೆದ್ದವರಿಗೆ ಗೆದ್ದವರು, ಸೋತವರಿಗೆ ಸೋತವರು ಜೋಡಿಯಾಗಿ ಎಲ್ಲರೂ ಮುಂದಿನ ಸುತ್ತು ಆಡುತ್ತಾರೆ. ಇದಕ್ಕೆ ‘ಸ್ವಿಸ್ ಪದ್ಧತಿ’ ಎಂದು ಹೆಸರು. 1895ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಚದುರಂಗಕ್ಕಾಗಿ ಮೊದಲು ಬಳಸಿದ್ದು. ನಿಮ್ಮ ಶಾಲೆಯ ಚೆಸ್ ಪಂದ್ಯಕ್ಕೂ ಹೇಳಿಮಾಡಿಸಿದಂತಿದೆ, ದೈಹಿಕ ಶಿಕ್ಷಣದ ಮೇಷ್ಟ್ರನ್ನು ಕೇಳಿ ನೋಡಿ.

ನಿಮ್ಮ ಮದುವೆ ಕಾಗದದ ತುಂಡುಗಳನ್ನು ಎಸೆಯಬೇಡಿ. ಸ್ಲೈನಂತೆ ಕಡಿಮೆ ಬೆಲೆಯ ಸೈನಿಕರೇ ಇರುವ ಡೆಕ್‌ಗೆ ಅಷ್ಟು ನೆಲ ಬೇಕಾಗುವುದಿಲ್ಲ. ನಾಲ್ಕು ‘ನೆ’ ತೆಗೆದು ನಾಲ್ಕು ‘ಸೈ’ ಹಾಕಿ, 20ಕ್ಕೆ 40 ಮಾಡಿ. ಮತ್ತೆ 100 ಬಾರಿ ಎತ್ತಿ. ಎತ್ತುವ ಮೊದಲು ಎಲ್ಲರೂ ಒಂದೊಂದು ಊಹೆ ಬರೆದಿಡಿ: ನೆಲ ಒಂದೇ ಬರುವ ಅಥವಾ ಬಾರದೇ ಇರುವ ಕೈಗಳು 14ರಿಂದ ಎಷ್ಟಕ್ಕೆ ಏರುತ್ತವೆ? ಲೆಕ್ಕದ ಉತ್ತರ ಸುಮಾರು 25.