ವರ್ಗಾವಣೆಯ ಜಾಡು ಹಿಡಿದು

“ನಮ್ಮ ಮುತ್ತಾತ ಆಸ್ಪತ್ರೇಲಿ ಕಾಂಪೌಂಡರ್ ಆಗಿದ್ರಂತೆ.” ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಇಲ್ಲಿಗೇ ಮುಗಿಯುತ್ತದೆ. ವಂಶದ ಜಾಡು ಹಿಡಿಯುವವರಿಗೆ ಕೆಲಸ ಶುರುವಾಗುವುದೇ ಇಲ್ಲಿಂದ.

ಅವರ ಕಣ್ಣು ಮೊದಲು ಬೀಳುವುದು ಇನಿಷಿಯಲ್ ಮೇಲೆ. ಹಳೇ ಮೈಸೂರು ಸೀಮೆಯಲ್ಲಿ ಸಾಮಾನ್ಯವಾಗಿ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ತನ್ನ ಹೆಸರು. ಸೋಮನಹಳ್ಳಿಯ ಎಸ್.ಎಂ. ಕೃಷ್ಣ ಅವರದು ಸೋಮನಹಳ್ಳಿ ಮಲ್ಲಯ್ಯ ಕೃಷ್ಣ ಎಂದಾದದ್ದು ಹೀಗೆಯೇ. ಮಾಸಿದ ಸಹಿಯ ಎರಡಕ್ಷರ ಸಿಕ್ಕರೆ ಒಂದು ಊರೂ ಒಂದು ತಲೆಮಾರೂ ಸಿಕ್ಕಂತೆ.

ಎರಡನೆಯದು ಹುದ್ದೆ. ಡಾಕ್ಟರಾಗಿದ್ದರೆ ಓದಿದ ಕಡೆಯಲ್ಲಿ ಹುಡುಕಬಹುದು: ಬೆಂಗಳೂರಿನಲ್ಲಿ ಮೈಸೂರು ಮೆಡಿಕಲ್ ಸ್ಕೂಲ್ ಶುರುವಾದದ್ದು 1917ರಲ್ಲಿ, ಅದು ಕಾಲೇಜಾದದ್ದು 1924ರಲ್ಲಿ. ವರ್ಗಾವಣೆ, ರಜೆಗಳಿಗೆ ಮೈಸೂರು ಗೆಜೆಟ್ ತಿರುವಿಹಾಕಬೇಕು. ಕಾಂಪೌಂಡರ್, ಡ್ರೆಸ್ಸರ್‌ಗಳ ಜಾಡು ಸಿಗುವುದು ಹೆಚ್ಚಾಗಿ ಮನೆಯ ಟ್ರಂಕಿನಲ್ಲಿ: ಪಿಂಚಣಿ ಕಾಗದ, ಬಡ್ತಿಯ ಆದೇಶ, ಮಕ್ಕಳ ಟಿ.ಸಿ.

ಹೊಸಬರು ಎಡವುವುದು ಜಿಲ್ಲೆಯ ಹೆಸರಿನಲ್ಲಿ. ಮಂಡ್ಯ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಹಿಂದಿನ ಮದ್ದೂರು, ಮಳವಳ್ಳಿ ಮೈಸೂರು ಜಿಲ್ಲೆಯ ಕಡತದೊಳಗಿವೆ. ಬೆಂಗಳೂರಿನ ರಾಜ್ಯ ಪತ್ರಾಗಾರಕ್ಕೆ ಹೋಗಿ ಮಂಡ್ಯ ಜಿಲ್ಲೆಯ ಕಟ್ಟು ಕೇಳಿದರೆ ಬರಿಗೈಯಲ್ಲಿ ಮರಳಬೇಕಾದೀತು.

ಬಲ್ಲವರ ಕೈಚಳಕ ಕಾಣುವುದು ಜಾತಕಗಳಲ್ಲಿ. ಕಾಳಯುಕ್ತಿ ಸಂವತ್ಸರವೆಂದಿದ್ದರೆ ಅದು ಇನ್‌ಫ್ಲುಯೆಂಜಾ ಹಬ್ಬಿದ 1918-19 ಇರಬಹುದು, 60 ವರ್ಷದ ಚಕ್ರ ತಿರುಗಿ ಬಂದ 1978-79 ಕೂಡ ಇರಬಹುದು. ತಿಥಿ, ವಾರ, ನಕ್ಷತ್ರವನ್ನು ಪಂಚಾಂಗಕ್ಕೆ ತಾಳೆ ಹಾಕಿದರೆ ತಾರೀಕೇ ಹೊರಬೀಳುತ್ತದೆ. ಹಿರಿಯ ಮಗ ಮಳವಳ್ಳಿಯಲ್ಲಿ, ಮಗಳು ಮದ್ದೂರಿನಲ್ಲಿ ಹುಟ್ಟಿದ್ದರೆ ಅಪ್ಪನ ವರ್ಗಾವಣೆಯ ನಕ್ಷೆ ಬರೆದಂತೆಯೇ. ಆದರೂ ಅವರು ಅವಸರ ಮಾಡುವುದಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಪದ್ಧತಿ ಅವರಿಗೆ ಗೊತ್ತು. ಇನ್ನೊಂದು ಕಾಗದ ಅದನ್ನೇ ಹೇಳುವತನಕ ಆ ಊರು ಪೆನ್ಸಿಲ್ಲಿನಲ್ಲೇ ಇರುತ್ತದೆ.

ದೊಡ್ಡವರ ಚರಿತ್ರೆ ಬರೆಯಲು ಜನ ಇದ್ದೇ ಇರುತ್ತಾರೆ. ಮಿಕ್ಸ್ಚರ್ ಕಲಸಿಕೊಟ್ಟವರ ಚರಿತ್ರೆಗೆ ಇಂಥ ತಾಳ್ಮೆಯೇ ಬೇಕು. ಅದಕ್ಕೇ ಮನೆಯ ಅಜ್ಜಿಯ ಮುಂದೆ ಕೂತಾಗ ಅವರು “ತಾತ ಯಾವಾಗ ಹುಟ್ಟಿದ್ದು?” ಎಂದು ಕೇಳುವುದಿಲ್ಲ. “ಯಾವ ಮಗು ಯಾವೂರಲ್ಲಿ ಹುಟ್ಟಿತು ಅಜ್ಜಿ?” ಎಂದು ಕೇಳುತ್ತಾರೆ.