ಜಾರುವ ನೆಲ, ಜಾಗರೂಕ ವ್ಯಾಯಾಮ

ಕೆಲವು ವರ್ಷಗಳ ಹಿಂದೆ 70 ವರ್ಷದ ತಾಯಿಯೊಬ್ಬರು ಮೊಣಕಾಲು ನೋವು ಮತ್ತು ನಿದ್ರಾಹೀನತೆಯ ಕಾರಣದಿಂದ ನನ್ನ ಚಿಕಿತ್ಸಾಲಯಕ್ಕೆ ಬಂದಿದ್ದರು. ಅಂಗಾಲಿಗೆ ಎಳ್ಳೆಣ್ಣೆ ತಿಕ್ಕಿಕೊಳ್ಳುವಂತೆಯೂ ನಿತ್ಯ ಲಘು ವ್ಯಾಯಾಮ ಮಾಡುವಂತೆಯೂ ತಿಳಿಸಿ ಕಳುಹಿಸಿದೆ. ಹದಿನೈದು ದಿನ ಕಳೆದು ಮತ್ತೆ ಬಂದಾಗ ಅವರ ಬಲಗೈ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಲಾಗಿತ್ತು. “ನೀವು ಹೇಳಿದಂಗ ಮಾಡೀನ್ರಿ” ಎಂದರು. ನಸುಕಿನಲ್ಲಿ ಎದ್ದು, ಅಂಗಾಲಿಗೆ ಎಣ್ಣೆ ಸವರಿಕೊಂಡು, ಮಗನ ಹೊಸ ಮನೆಯ ಟೈಲ್ಸ್ ನೆಲದ ಮೇಲೆ ವ್ಯಾಯಾಮಕ್ಕೆ ನಿಂತಿದ್ದರಂತೆ. ನಾನು ಅವರ ನಾಡಿ ನೋಡಿದ್ದೆ, ನಾಲಿಗೆ ನೋಡಿದ್ದೆ, ಊಟ-ನಿದ್ರೆ ವಿಚಾರಿಸಿದ್ದೆ. ಮನೆಯ ನೆಲ ಎಂಥದೆಂದು ಮಾತ್ರ ಕೇಳಿರಲಿಲ್ಲ. ಆ ತಪ್ಪು ನನ್ನದು. ಅಂದಿನಿಂದ ವ್ಯಾಯಾಮ ಹೇಳುವ ಮುನ್ನ ನೆಲದ ವಿಚಾರ ಕೇಳುವುದನ್ನು ರೂಢಿಸಿಕೊಂಡಿದ್ದೇನೆ.

ಅಷ್ಟಾಂಗಹೃದಯದ ದಿನಚರ್ಯಾ ಅಧ್ಯಾಯದಲ್ಲಿ ವಾಗ್ಭಟಾಚಾರ್ಯರು ಮೊದಲು ಅಭ್ಯಂಗವನ್ನೂ ಅನಂತರ ವ್ಯಾಯಾಮವನ್ನೂ ಹೇಳಿದ್ದಾರೆ. ನಮ್ಮ ಗರಡಿಮನೆಗಳಲ್ಲಿಯೂ ಪೈಲ್ವಾನರು ಎಣ್ಣೆ ಹಚ್ಚಿಕೊಂಡೇ ಸಾಮು ಮಾಡುತ್ತಿದ್ದರು. ಆದರೆ ಅವರ ಕಾಲ ಕೆಳಗಿದ್ದುದು ಹದಗೊಳಿಸಿದ ಕೆಮ್ಮಣ್ಣು. ಅದು ಎಣ್ಣೆಯನ್ನು ಹೀರುತ್ತಿತ್ತು, ಪಾದಕ್ಕೆ ಹಿಡಿತ ಕೊಡುತ್ತಿತ್ತು, ಬಿದ್ದವನಿಗೆ ಮೆತ್ತಗಿರುತ್ತಿತ್ತು. ಸಗಣಿ ಸಾರಿಸಿದ ಪಡಸಾಲೆಯಾಗಲಿ, ಒರಟಾದ ಶಹಾಬಾದ್ ಕಲ್ಲಿನ ಹಾಸಾಗಲಿ ಇಂದಿನ ನೆಲದಷ್ಟು ನುಣುಪಾಗಿರಲಿಲ್ಲ. ಈಗ ಮನೆಮನೆಯಲ್ಲಿ ಗ್ರಾನೈಟ್, ಮಾರ್ಬಲ್, ಹೊಳೆಯುವ ಟೈಲ್ಸ್ ಬಂದಿವೆ. ಇವು ನೀರನ್ನಾಗಲಿ ಎಣ್ಣೆಯನ್ನಾಗಲಿ ಮಣ್ಣಿನಂತೆ ಹೀರುವುದಿಲ್ಲ. ಅದರ ತೆಳುವಾದ ಪದರವೊಂದು ಪಾದಕ್ಕೂ ನೆಲಕ್ಕೂ ನಡುವೆ ಉಳಿದರೆ ಸಾಕು, ಹಿಡಿತ ತಪ್ಪುತ್ತದೆ. ಆದ್ದರಿಂದ ಪಾದಾಭ್ಯಂಗವನ್ನು ರಾತ್ರಿ ಮಲಗುವಾಗ ಮಂಚದ ಮೇಲೆ ಕುಳಿತೇ ಮಾಡಿಕೊಳ್ಳಿ. ಬಳಿಕ ಎಣ್ಣೆಯನ್ನು ಬಟ್ಟೆಯಿಂದ ಚೆನ್ನಾಗಿ ಒರೆಸಿಕೊಳ್ಳಿ. ರಾತ್ರಿ ಏಳಬೇಕಾಗಿ ಬಂದರೂ ಅಪಾಯ ಕಡಿಮೆ.

ಬಿದ್ದುಬಿಟ್ಟೇನೆಂಬ ಭಯದಿಂದ ವ್ಯಾಯಾಮವನ್ನೇ ಬಿಡುವುದು ಇನ್ನೂ ದೊಡ್ಡ ಅಪಾಯ. ಆ ತಾಯಿಯ ಮೂಳೆ 6 ವಾರಗಳಲ್ಲಿ ಕೂಡಿಕೊಂಡಿತು. ಭಯ 6 ತಿಂಗಳಾದರೂ ಹೋಗಲಿಲ್ಲ. ಕುಳಿತಲ್ಲೇ ಕುಳಿತು ತೊಡೆಯ ಸ್ನಾಯುಗಳು ಸೊರಗಿದವು, ಎದ್ದರೆ ಕಾಲು ನಡುಗತೊಡಗಿತು. ದುರ್ಬಲ ಕಾಲೇ ಮುಂದಿನ ಬೀಳುವಿಕೆಗೆ ಕಾರಣವಾಗುತ್ತದೆ. ವೃದ್ಧರು ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟರೇ ಹೇಳಿದ್ದಾರಲ್ಲ ಎಂದು ಬಲ್ಲವರು ಕೇಳಬಹುದು. ಅಲ್ಲಿ ನಿಷೇಧಿಸಿರುವುದು ದೇಹವನ್ನು ದಣಿಸುವ ಶ್ರಮವನ್ನು ಎಂದು ನಾನು ತಿಳಿಯುತ್ತೇನೆ. ದೇಹವನ್ನು ಹೆಚ್ಚು ಪೀಡಿಸದ ಅಡ್ಡಾಟವು ಆಯುಷ್ಯ, ಬಲ, ಮೇಧಾಶಕ್ತಿ ಮತ್ತು ಅಗ್ನಿಯನ್ನು ವೃದ್ಧಿಸುವುದೆಂದು ಸುಶ್ರುತಾಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ.

ನೆಲದ ಸಿದ್ಧತೆ

ನೆಲ ಒರೆಸಿದ ಮೇಲೆ ಪೂರ್ಣ ಒಣಗುವವರೆಗೆ ವ್ಯಾಯಾಮ ಬೇಡ. ಮಳೆಗಾಲದಲ್ಲಿ ಒಣಗುವುದು ತಡ. ಒಣಬಟ್ಟೆಯಿಂದ ಇನ್ನೊಮ್ಮೆ ಒರೆಸಿ. ಲಿಂಗಪೂಜೆ ಮುಗಿಸಿ ಅಲ್ಲಿಯೇ ಆಸನಗಳಿಗೆ ತೊಡಗುವವರು ವಿಶೇಷ ಎಚ್ಚರ ವಹಿಸಬೇಕು. ಅಭಿಷೇಕದ ನೀರು, ದೀಪದ ಎಣ್ಣೆಯ ಹನಿ, ಬಿಲ್ವಪತ್ರೆ, ಉದುರಿದ ವಿಭೂತಿಯ ಪುಡಿ ಇವೆಲ್ಲವೂ ನುಣುಪಾದ ನೆಲದ ಮೇಲೆ ಕಾಲು ಜಾರಿಸಬಲ್ಲವು. ಪೂಜೆಯ ಜಾಗ ಬೇರೆ, ವ್ಯಾಯಾಮದ ಜಾಗ ಬೇರೆ ಇರುವುದು ಲೇಸು.

ಕಂಬಳಿ, ಜಮಖಾನೆ, ಚಾಪೆಗಳು ಟೈಲ್ಸ್ ಮೇಲೆ ಕಾಲೊಡನೆ ತಾವೂ ಸರಿಯುತ್ತವೆ. ಮಲಗಿ ಅಥವಾ ಕುಳಿತು ಮಾಡುವ ಆಸನಗಳಿಗೆ ಅವು ಸಾಕು. ನಿಂತು ಮಾಡುವುದಕ್ಕೆ ಬೇಡ. ಅದಕ್ಕೆ ತಳ ಜಾರದ ರಬ್ಬರ್ ಮ್ಯಾಟ್ ಬಳಸಿ. ಮ್ಯಾಟಿನ ಅಡಿಯಲ್ಲಿ ಧೂಳಿದ್ದರೆ ಅದೂ ಜಾರುತ್ತದೆ. ವಾರಕ್ಕೊಮ್ಮೆ ಅದರ ತಳವನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಗೋಡೆ ಹಿಡಿದು ನಿಂತು, ಒಂದು ಕಾಲಿನಿಂದ ಮ್ಯಾಟನ್ನು ಮುಂದಕ್ಕೆ ತಳ್ಳಿ ನೋಡಿ. ಸರಿದರೆ ಅದು ಬಳಕೆಗೆ ಯೋಗ್ಯವಲ್ಲ.

ಕಾಲುಚೀಲ ಧರಿಸಿ ವ್ಯಾಯಾಮ ಮಾಡಬೇಡಿ. ಒಣಗಿದ ಬರಿಗಾಲೇ ಉತ್ತಮ. ಆದರೆ ಮಧುಮೇಹದಿಂದ ಪಾದದ ಸ್ಪರ್ಶಜ್ಞಾನ ಕಡಿಮೆಯಾದವರು ಮನೆಯೊಳಗಿನ ಬಳಕೆಗೆಂದೇ ರಬ್ಬರ್ ತಳದ, ಹಿಮ್ಮಡಿಗೆ ಪಟ್ಟಿಯಿರುವ ಪಾದರಕ್ಷೆಯನ್ನು ತೊಳೆದಿಟ್ಟುಕೊಳ್ಳಲಿ. ಸೀರೆ, ಧೋತರಗಳ ಅಂಚು ಕಾಲಿಗೆ ಸಿಲುಕದಂತೆ ಮೇಲಕ್ಕೆ ಸಿಕ್ಕಿಸಿಕೊಳ್ಳಿ. ನಸುಕಿನಲ್ಲಿ ದೀಪ ಹಾಕದೆ ಆರಂಭಿಸಬೇಡಿ. ಗಟ್ಟಿ ನೆಲ ಪೆಟ್ಟನ್ನು ಹೀರುವುದಿಲ್ಲವಾದ್ದರಿಂದ ಜಿಗಿಯುವ ವ್ಯಾಯಾಮವನ್ನು ಹಿರಿಯರು ಬಿಡಬೇಕು.

ನಾಲ್ಕು ಸರಳ ವ್ಯಾಯಾಮಗಳು

ಮೊದಲನೆಯದು, ಕುರ್ಚಿಯಿಂದ ಏಳುವುದು. ಭಾರವಾದ ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಇಡಿ. ಹಗುರ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಸರಿಯುತ್ತದೆ. ನಿಧಾನವಾಗಿ ಎದ್ದು ಕುಳಿತುಕೊಳ್ಳಿ. 5 ಸಲದಿಂದ ಆರಂಭಿಸಿ 10ಕ್ಕೆ ಏರಿಸಿ.

ಎರಡನೆಯದು, ಅಡುಗೆಮನೆಯ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, 10 ಸಲ.

ಮೂರನೆಯದು, ಕಿಟಕಿಯ ಸರಳು ಹಿಡಿದು ಒಂದೇ ಕಾಲಿನ ಮೇಲೆ 10 ಎಣಿಸುವವರೆಗೆ ನಿಲ್ಲುವುದು. ಅನಂತರ ಇನ್ನೊಂದು ಕಾಲು.

ನಾಲ್ಕನೆಯದು, ಗೋಡೆಗೆ ಕೈಯಿಟ್ಟು ಪಕ್ಕಕ್ಕೆ ಹೆಜ್ಜೆ ಹಾಕುತ್ತ ಹೋಗಿ ಬರುವುದು.

ಬಾಯಿಂದ ಉಸಿರಾಡುವಂತಾದರೆ ಅರ್ಧಶಕ್ತಿ ವ್ಯಯವಾಯಿತೆಂಬುದು ಶಾಸ್ತ್ರದ ಸೂಚನೆ, ಅಲ್ಲಿಗೆ ನಿಲ್ಲಿಸಿ. ಹಾಸಿಗೆಯಿಂದ ಎದ್ದೊಡನೆ ಆರಂಭಿಸದೆ ಕೆಲವು ನಿಮಿಷ ಕುಳಿತಿರಿ. ರಕ್ತದೊತ್ತಡದ ಮಾತ್ರೆ ಸೇವಿಸುವವರಿಗೆ ತಟ್ಟನೆ ಎದ್ದರೆ ತಲೆಸುತ್ತು ಬರಬಹುದು. ಶಿವರಾತ್ರಿ, ಶ್ರಾವಣ ಸೋಮವಾರಗಳ ಉಪವಾಸದ ದಿನ ಮಧುಮೇಹಿಗಳು ನಿಂತು ಮಾಡುವ ವ್ಯಾಯಾಮವನ್ನು ಬಿಡಲಿ. ಎದೆನೋವು, ತಲೆಸುತ್ತು ಇರುವವರು ವೈದ್ಯರನ್ನು ಕಂಡೇ ಆರಂಭಿಸಬೇಕು.

ಬಿದ್ದರೆ

ಬಿದ್ದವರನ್ನು ಗಾಬರಿಯಿಂದ ರಟ್ಟೆ ಹಿಡಿದು ಎಳೆದೆತ್ತಬೇಡಿ. ಒಂದೆರಡು ನಿಮಿಷ ಹಾಗೆಯೇ ಇರಗೊಡಿ. ನೋವಿಲ್ಲದಿದ್ದರೆ ಅವರು ಮಗ್ಗುಲಿಗೆ ಹೊರಳಿ, ಅಂಗೈ-ಮೊಣಕಾಲೂರಿ, ಗಟ್ಟಿ ಕುರ್ಚಿಯ ಆಸರೆಯಿಂದ ಏಳಲಿ. ತೊಡೆಸಂದಿನಲ್ಲಿ ನೋವಿದ್ದು ಕಾಲೂರಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ಸೊಂಟದ ಮೂಳೆ ಮುರಿದಿರುವ ಸಂಭವವಿದೆ. ಆಗ ಎಣ್ಣೆ ತಿಕ್ಕುವುದಾಗಲಿ, ಕಾಲು ಎಳೆಯುವುದಾಗಲಿ ಸಲ್ಲದು. ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ: ಕಾಲು ಅಲುಗಿಸದೆ ಆಂಬುಲೆನ್ಸ್‌ಗೆ 108ಕ್ಕೆ ಕರೆ ಮಾಡಿ, ಶಸ್ತ್ರಚಿಕಿತ್ಸೆಯ ವ್ಯವಸ್ಥೆಯಿರುವ ಆಸ್ಪತ್ರೆಗೆ ಒಯ್ಯಿರಿ. ತಲೆಗೆ ಪೆಟ್ಟು ಬಿದ್ದವರು ರಕ್ತ ತೆಳುಗೊಳಿಸುವ ಮಾತ್ರೆ ಸೇವಿಸುತ್ತಿದ್ದರೆ, ಮೇಲುನೋಟಕ್ಕೆ ಚೆನ್ನಾಗಿದ್ದರೂ ಅಂದೇ ತೋರಿಸಬೇಕು.

ಆ ತಾಯಿ ಮತ್ತೆ ಆರಂಭಿಸಿದ್ದು ಗೋಡೆಗೊತ್ತಿದ ಕುರ್ಚಿಯಿಂದಲೇ. ಮೊದಲ ದಿನ ಎರಡೇ ಸಲ ಎದ್ದರು, ಅದೂ ಸೊಸೆಯ ಕೈ ಹಿಡಿದು. ಮುಂದಿನ ಜಾತ್ರೆಯ ಹೊತ್ತಿಗೆ ಮಠದ ದಾಸೋಹದಲ್ಲಿ ಪಂಕ್ತಿಗೆ ರೊಟ್ಟಿ ಬಡಿಸುತ್ತಿದ್ದುದನ್ನು ಕಂಡೆ. ಶರಣರು ಕಾಯವನ್ನು ಕಡೆಗಣಿಸಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಅದೇ ಆಧಾರವೆಂದು ಬಗೆದರು. ನಾಳೆ ಬೆಳಗ್ಗೆ ವ್ಯಾಯಾಮಕ್ಕೆ ನಿಲ್ಲುವ ಮುನ್ನ ಒಮ್ಮೆ ಬಾಗಿ, ನೆಲವನ್ನು ಅಂಗೈಯಿಂದ ಸವರಿ ನೋಡಿ. ಒಣಗಿದ್ದರೆ ಆರಂಭಿಸಿ.