ಗೋಡೆ ಯಾಕೆ ಒದ್ದೆ?

ಒಂದು ಮನೆಯನ್ನು ನೆನೆಸಿಕೊಳ್ಳೋಣ. ಕೆಂಪು ಕಲ್ಲಿನ ಗೋಡೆ. ಹಂಚಿನ ಮಾಡು. ಅತ್ತೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದಾರೆ. ಸೊಸೆ ಅಡುಗೆ ಕೋಣೆಯಲ್ಲಿದ್ದಾಳೆ. ಸಿಂಕಿನ ಕೆಳಗೆ ಗೋಡೆ ಒದ್ದೆಯಾಗಿದೆ. ಸುಣ್ಣ ಉದುರುತ್ತಿದೆ. ಅಕ್ಕಿ ಡಬ್ಬಿಯ ಅಡಿಯಲ್ಲೂ ತೇವ.

“ಮಳೆ ನೀರು ಇಳಿದದ್ದು ಇರಬೇಕು ಮಾರಾಯ್ತಿ.”

“ಫೆಬ್ರವರಿಯಲ್ಲಿ ಎಂತ ಮಳೆ ಅತ್ತೆ?”

“ಹಾಗಾದ್ರೆ ಸಿಮೆಂಟು ಮೆತ್ತಿಸುವ.”

“ಮೆತ್ತಿದ್ರೆ ನೀರು ನಿಲ್ತದಾ? ಎಲ್ಲಿಂದ ಬರ್ತದೆ ಅಂತ ಮೊದಲು ನೋಡುವ.”

ಸೊಸೆ ಹೇಳಿದ್ದು ಸರಿ. ಕೆಂಪು ಕಲ್ಲು ನೀರನ್ನು ಹೀರುತ್ತದೆ. ಸೋರುವ ಜಾಗ ಒಂದು ಕಡೆ. ಒದ್ದೆ ಕಾಣುವ ಜಾಗ ಇನ್ನೊಂದು ಕಡೆ. ಮೇಲೆ ಸಿಮೆಂಟು ಮೆತ್ತಿದರೆ ನೀರು ಬೇರೆ ದಾರಿ ಹುಡುಕುತ್ತದೆ.

ಮೊದಲು ಒಂದು ಎಚ್ಚರಿಕೆ. ಒದ್ದೆ ಗೋಡೆಯಲ್ಲಿ ಸ್ವಿಚ್ ಬೋರ್ಡ್ ಇದೆಯೇ? ಹಾಗಾದರೆ ಆ ಗೋಡೆ ಮುಟ್ಟಬೇಡಿ. ಕೈ ಒರೆಸಿ, ಚಪ್ಪಲಿ ಹಾಕಿ, ಮೈನ್ ಸ್ವಿಚ್ ಆಫ್ ಮಾಡಿ. ಮೈನ್ ಸ್ವಿಚ್ಚೇ ಒದ್ದೆ ಗೋಡೆಯಲ್ಲಿದ್ದರೆ ಮುಟ್ಟಬೇಡಿ. ಮೆಸ್ಕಾಂನವರಿಗೆ ತಿಳಿಸಿ.

ಈಗ ಗೋಡೆಯನ್ನು ನೋಡಿ. ಅದು ಯಾವಾಗ ಒದ್ದೆಯಾಗುತ್ತದೆ?

ಮಳೆಗಾಲದಲ್ಲಿ ಮಾತ್ರವೇ? ಹಾಗಾದರೆ ಹಂಚು ಒಡೆದಿರಬಹುದು. ಹೊರಗೋಡೆ ಬಿರುಕು ಬಿಟ್ಟಿರಬಹುದು.

ಪಾತ್ರೆ ತೊಳೆದ ಮೇಲೆ ಮಾತ್ರವೇ? ಹಾಗಾದರೆ ಸಿಂಕಿನಿಂದ ಹೊರಗೆ ಹೋಗುವ ಪೈಪು ಸೋರುತ್ತಿದೆ.

ಯಾವಾಗಲೂ ಒದ್ದೆಯೇ? ಹಾಗಾದರೆ ನಳ್ಳಿಗೆ ನೀರು ತರುವ ಪೈಪಿನ ಮೇಲೆ ಅನುಮಾನ ಪಡಬೇಕು.

ಸಿಂಕಿನ ಪೈಪು ನೋಡುವುದು ಸುಲಭ. ಪೈಪು ಸೇರುವ ಜಾಗಗಳನ್ನು ಒರೆಸಿ. ಅಲ್ಲಿ ಒಣ ಪೇಪರ್ ಸುತ್ತಿ. ಸಿಂಕಿನ ತೂತಿಗೆ ಬಟ್ಟೆ ಒತ್ತಿ, ನೀರು ತುಂಬಿಸಿ. ಆಮೇಲೆ ಒಮ್ಮೆಗೇ ಬಿಡಿ. ಯಾವ ಪೇಪರ್ ಒದ್ದೆಯಾಯಿತೋ ಅಲ್ಲೇ ಸೋರಿಕೆ.

ನಳ್ಳಿ ಪೈಪಿಗೆ ಮೀಟರ್ ಇದೆಯೇ? ನೀರು ಬರುವ ಹೊತ್ತಿನಲ್ಲಿ ಎಲ್ಲ ನಳ್ಳಿ ಮುಚ್ಚಿ. ಟ್ಯಾಂಕಿಗೆ ಹೋಗುವ ನೀರನ್ನೂ ನಿಲ್ಲಿಸಿ. ಮೀಟರಿನ ಎಲ್ಲ ಅಂಕಿಗಳನ್ನು ಬರೆದುಕೊಳ್ಳಿ. ಅರ್ಧ ಗಂಟೆ ಬಿಟ್ಟು ಮತ್ತೆ ಓದಿ. ಅಂಕಿ ಬದಲಾದರೆ ಎಲ್ಲೋ ನೀರು ಹೋಗುತ್ತಿದೆ.

ಅಡುಗೆ ಕೋಣೆಗೆ ಟ್ಯಾಂಕಿಯಿಂದ ನೀರು ಬರುವುದೇ? ಹಾಗಾದರೆ ಈ ಮೀಟರ್ ಸಾಲದು. ರಾತ್ರಿ ಟ್ಯಾಂಕಿಗೆ ನೀರು ತುಂಬುವುದನ್ನು ನಿಲ್ಲಿಸಿ. ಉದ್ದ ಕೋಲು ಇಳಿಸಿ, ನೀರು ಎಲ್ಲಿವರೆಗೆ ಇದೆ ಎಂದು ಗುರುತು ಮಾಡಿ. ರಾತ್ರಿ ಯಾರೂ ನೀರು ಬಳಸಬಾರದು. ಬೆಳಿಗ್ಗೆ ಮತ್ತೆ ನೋಡಿ. ನೀರು ಇಳಿದಿದ್ದರೆ, ಮರುದಿನ ರಾತ್ರಿ ಅಡುಗೆ ಕೋಣೆಯ ವಾಲ್ ಮುಚ್ಚಿ ಹಾಗೆಯೇ ನೋಡಿ. ಈ ಸಲ ಇಳಿಯದಿದ್ದರೆ ಸೋರಿಕೆ ಅಡುಗೆ ಕೋಣೆಯ ಪೈಪಿನಲ್ಲೇ ಇದೆ. ಮತ್ತೂ ಇಳಿದರೆ ಬಚ್ಚಲು, ಪಾಯಿಖಾನೆಯ ಕಡೆ ಹುಡುಕಬೇಕು.

ಸಣ್ಣ ಕೆಲಸ ನಾವೇ ಮಾಡಬಹುದು. ಮೊದಲು ವಾಲ್ ಮುಚ್ಚಬೇಕು. ನಳ್ಳಿ ತೊಟ್ಟಿಕ್ಕಿದರೆ ಬಿಚ್ಚಿ, ಹೊಸ ವಾಶರ್ ಹಾಕಬೇಕು. ತಿರುಪಿನ ಜಾಗದಲ್ಲಿ ಸೋರಿದರೆ ಹಳೆ ಟೇಪು ತೆಗೆದು, ಹೊಸ ಬಿಳಿ ಟೇಪನ್ನು ತಿರುಪು ಬಿಗಿಯುವ ದಿಕ್ಕಿಗೇ ಸುತ್ತಬೇಕು. ಗೋಡೆಯೊಳಗಿನ ಪೈಪಿಗೆ ಪ್ಲಂಬರ್ ಬೇಕು. ಅವರಿಗೆ ನೀವು ಬರೆದ ಲೆಕ್ಕ ತೋರಿಸಿ. ಇಡೀ ಗೋಡೆ ಒಡೆಯುವುದು ತಪ್ಪೀತು. ರಿಪೇರಿಯಾದ ಮೇಲೆ ಒಂದು ದಿನ ನೀರು ಬಿಟ್ಟು ನೋಡಿ. ಸೋರದಿದ್ದರೆ ಮಾತ್ರ ಸಿಮೆಂಟು ಹಾಕಿಸಿ.

ಒಂದು ಹನಿಯಲ್ಲಿ ಏನುಂಟು ಅನ್ನುತ್ತೀರಾ? ಲೆಕ್ಕ ಹಾಕಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಅದು ಸುಮಾರು 4 ಲೀಟರ್. ತಿಂಗಳಿಗೆ ಸುಮಾರು 120 ಲೀಟರ್. ಹತ್ತು ಲೀಟರಿನ ಕೊಡದಲ್ಲಿ 12 ಕೊಡ! 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿದೆ. ಸೋರಿ ಹೋದದ್ದು ಇಬ್ಬರ ಒಂದು ದಿನದ ನೀರು.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಲ್ಲಿ ಮಳೆಗೆ ಬರವಿಲ್ಲ. ಆದರೂ ಏಪ್ರಿಲ್, ಮೇ ಬಂದರೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಆಗ ಕೊಡ ಹಿಡಿದು ನಡೆಯುವವರು ನಾವೇ.

ಆ ಸೊಸೆಯೂ ಕೋಲಿನ ಗುರುತು ನೋಡಿ ಪುಸ್ತಕದಲ್ಲಿ ಬರೆದಳು. ಮೊದಲ ರಾತ್ರಿ ನೀರು ನಾಲ್ಕು ಬೆರಳು ಇಳಿದಿತ್ತು. ಅಡುಗೆ ಕೋಣೆಯ ವಾಲ್ ಮುಚ್ಚಿದ ರಾತ್ರಿ ಇಳಿಯಲೇ ಇಲ್ಲ. ಗೋಡೆ ಒದ್ದೆ ಅಂದಾಗ ಮನೆಯಲ್ಲಿ ಯಾರೂ ಕಿವಿಗೊಟ್ಟಿರಲಿಲ್ಲ. ಬರೆದ ಲೆಕ್ಕ ತೋರಿಸಿದಾಗ ಗಂಡ ಅಂದೇ ಪ್ಲಂಬರನ್ನು ಕರೆದುಕೊಂಡು ಬಂದ.

ನಾವೀಗ ಅಂಕಿ ಓದಬಲ್ಲೆವು, ಬರೆಯಬಲ್ಲೆವು. ಇವತ್ತು ರಾತ್ರಿ ನಿಮ್ಮ ಮನೆಯಲ್ಲೂ ನೋಡಿ, ಬರೆದಿಡಿ.